ಗಿನಿ ಬಿಸಾವ್: ಗೇರುಬೀಜ ಕೊಟ್ಟು ಅಕ್ಕಿ ಕೊಳ್ಳುವ ದೇಶ

ಪಶ್ಚಿಮ ಆಫ್ರಿಕಾದ ಒಂದು ಪುಟ್ಟ ಕರಾವಳಿ ದೇಶದ ಬಗ್ಗೆ ಈ ಸಲ ಸಾಕಷ್ಟು ಪ್ರಶ್ನೆಗಳು ಬಂದಿವೆ. ಹೆಚ್ಚಿನವು ಗೇರುಬೀಜದಿಂದ ಶುರುವಾಗಿವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ನನ್ನ ಅಮ್ಮ ಕಾರ್ಕಳದ ಹತ್ತಿರ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾರೆ. ಅಲ್ಲಿ ‘ಬಿಸಾವ್ ಮಾಲು ಬಂದಿದೆ’ ಅಂದರೆ ಎಲ್ಲರಿಗೂ ಖುಷಿಯಂತೆ. ಅದು ಯಾವ ದೇಶ? ಗಿನಿ ಅಂತ ಇನ್ನೊಂದು ಇದೆಯಲ್ಲ, ಅದೇನಾ? (ಕಾರ್ಕಳದ ಓದುಗರು)

ಅದಲ್ಲ. ಆಫ್ರಿಕಾದಲ್ಲಿ ಗಿನಿ ಹೆಸರಿನ ದೇಶಗಳು ಮೂರಿವೆ. ಫ್ರೆಂಚರು ಆಳಿದ್ದು ಗಿನಿ, ಅದರ ರಾಜಧಾನಿ ಕೊನಾಕ್ರಿ. ಸ್ಪೇನಿನವರು ಆಳಿದ್ದು ಈಕ್ವಟೋರಿಯಲ್ ಗಿನಿ. ಪೋರ್ಚುಗೀಸರ ಕೈಯಲ್ಲಿದ್ದದ್ದು ಗಿನಿ ಬಿಸಾವ್. ಗೊಂದಲ ಬೇಡ ಅಂತ ರಾಜಧಾನಿಯ ಹೆಸರನ್ನೇ ದೇಶದ ಹೆಸರಿಗೆ ಜೋಡಿಸಿಕೊಂಡಿದ್ದಾರೆ.

ಉತ್ತರಕ್ಕೆ ಸೆನೆಗಲ್, ಪೂರ್ವಕ್ಕೂ ದಕ್ಷಿಣಕ್ಕೂ ಗಿನಿ, ಪಶ್ಚಿಮಕ್ಕೆ ಅಟ್ಲಾಂಟಿಕ್. ವಿಸ್ತೀರ್ಣ 36,125 ಚದರ ಕಿಲೋಮೀಟರ್. ಕರ್ನಾಟಕದ ಐದನೇ ಒಂದು ಭಾಗದಷ್ಟೂ ಇಲ್ಲ. ಜನ 20 ಲಕ್ಷದ ಮೇಲೆ ಸ್ವಲ್ಪ. ನೆಲ ಬಹಳ ತಗ್ಗು. ಸಮುದ್ರ ಉಬ್ಬಿದಾಗ ಉಪ್ಪುನೀರು ನದಿಗುಂಟ ಒಳನಾಡಿನವರೆಗೂ ನುಗ್ಗುತ್ತದೆ. ಆಡಳಿತದ ಭಾಷೆ ಪೋರ್ಚುಗೀಸ್. ಆದರೆ ಸಂತೆಯಲ್ಲಿ, ಬಸ್ಸಿನಲ್ಲಿ, ರೇಡಿಯೋದಲ್ಲಿ ಕೇಳುವುದು ಕ್ರಿಯೋಲ್, ಅಂದರೆ ಪೋರ್ಚುಗೀಸ್ ಮತ್ತು ಸ್ಥಳೀಯ ನುಡಿಗಳು ಬೆರೆತ ಭಾಷೆ. ಫುಲಾ, ಬಲಾಂಟಾ, ಮಂಡಿಂಗಾ, ಪಪೆಲ್ ಹೀಗೆ ಹಲವು ಸಮುದಾಯಗಳನ್ನು ಹೊಂದಿಸಿರುವ ಭಾಷೆ ಅದೇ.

ಇನ್ನು ಅಮ್ಮನ ಫ್ಯಾಕ್ಟರಿಯ ಖುಷಿಗೆ ಕಾರಣ. ಹಸಿ ಗೇರುಬೀಜ ಕೊಳ್ಳುವವರು ಬರೀ ತೂಕ ನೋಡಿ ರೇಟು ಹೇಳುವುದಿಲ್ಲ. ಚೀಲಗಳಿಂದ ಅಲ್ಲಲ್ಲಿ ಮಾದರಿ ತೆಗೆದು ಒಂದು ಕಿಲೋ ತೂಗುತ್ತಾರೆ. ಎಷ್ಟು ಬೀಜ ಅಂತ ಎಣಿಸುತ್ತಾರೆ, ಸುಮಾರು 200 ಬರುತ್ತದೆ. ಒಂದೊಂದನ್ನೂ ಉದ್ದಕ್ಕೆ ಸೀಳಿ ಬೇರೆಬೇರೆ ಗುಡ್ಡೆ ಮಾಡುತ್ತಾರೆ. ಬಿಳಿಯಾಗಿ ತುಂಬಿದ ತಿರುಳು ಒಂದು ಕಡೆ, ಚುಕ್ಕೆ ಬಿದ್ದದ್ದು ಒಂದು ಕಡೆ, ಬಲಿಯದ್ದು, ಹುಳ ಹಿಡಿದದ್ದು, ಜೊಳ್ಳು ಇನ್ನೊಂದು ಕಡೆ. ಆಮೇಲೆ ಲೆಕ್ಕ: 80 ಕಿಲೋ ಚೀಲದಿಂದ ಎಷ್ಟು ಪೌಂಡ್ ಒಳ್ಳೆ ತಿರುಳು ಸಿಗುತ್ತದೆ? ಇದಕ್ಕೆ ಔಟ್‌ಟರ್ನ್ ಅನ್ನುತ್ತಾರೆ. 50 ಪೌಂಡ್ ಅಂದರೆ ಇಪ್ಪತ್ತೆರಡೂವರೆ ಕಿಲೋಗಿಂತ ತುಸು ಜಾಸ್ತಿ. ಬಿಸಾವ್ ಬೀಜ ಸಾಮಾನ್ಯವಾಗಿ ಆ 50 ದಾಟುತ್ತದೆ. ಆಫ್ರಿಕಾದ ಮಾಲಿನಲ್ಲಿ ಅದಕ್ಕೆ ಮೊದಲ ಸಾಲಿನ ಹೆಸರು.

ಗೇರುಮರ ಮೂಲದಲ್ಲಿ ಬ್ರೆಜಿಲ್‌ನದು. ಗೋವಾಕ್ಕೂ ನಮ್ಮ ಕರಾವಳಿಗೂ ಅದನ್ನು ತಂದವರು ಪೋರ್ಚುಗೀಸರು. ಗಿನಿ ಬಿಸಾವ್‌ಗೆ ಒಯ್ದವರೂ ಅವರೇ. ಅದೇ ಮರ, ಅದೇ ದೊರೆಗಳು. ಆದರೆ ಫ್ಯಾಕ್ಟರಿಗಳು ಮಾತ್ರ ನಮ್ಮ ಕಡೆ ಬೆಳೆದವು.

ಪ್ರಶ್ನೆ: ಅಷ್ಟು ಒಳ್ಳೆ ಬೀಜ ಬೆಳೆಯುವವರು ಅಲ್ಲೇ ಒಡೆದು ಗೋಡಂಬಿ ಮಾಡಿ ಮಾರಬಹುದಲ್ಲ? ಸೋಮಾರಿತನವಾ? (ಪುತ್ತೂರಿನ ಕಾಮರ್ಸ್ ವಿದ್ಯಾರ್ಥಿ)

ಸೋಮಾರಿತನ ಅನ್ನುವ ಮಾತು ಬಿಟ್ಟುಬಿಡಿ. ಸುಗ್ಗಿಯಲ್ಲಿ ಅಲ್ಲಿನ ಹೆಂಗಸರು, ಮಕ್ಕಳು ಬೆಳಗಿನಿಂದ ತೋಟದಲ್ಲಿ ಬಗ್ಗಿಕೊಂಡೇ ಇರುತ್ತಾರೆ. ಬಿದ್ದ ಹಣ್ಣು ಹೆಕ್ಕಬೇಕು, ಬೀಜ ತಿರುಚಿ ಬಿಡಿಸಬೇಕು, ಹಣ್ಣು ಹಿಂಡಿ ರಸ ತೆಗೆಯಬೇಕು, ಬೀಜ ಬಿಸಿಲಿಗೆ ಹರಡಬೇಕು. ರಸ ಹುಳಿ ಬಂದು ಹೆಂಡವಾಗುತ್ತದೆ. ಅದನ್ನು ಮಾರಿದ ದುಡ್ಡು ಹೆಚ್ಚಾಗಿ ಹೆಂಗಸರ ಕೈಗೇ ಸೇರುತ್ತದೆ.

ತೊಂದರೆ ಇರುವುದು ಬಂಡವಾಳದಲ್ಲಿ. ಬೀಜ ಬರುವುದು ಮಾರ್ಚ್‌ನಿಂದ ಜೂನ್‌ವರೆಗೆ ಮಾತ್ರ. ವರ್ಷವಿಡೀ ಫ್ಯಾಕ್ಟರಿ ಓಡಬೇಕಾದರೆ ಆ ಮೂರ್ನಾಲ್ಕು ತಿಂಗಳಲ್ಲೇ ಇಡೀ ವರ್ಷದ ಬೀಜ ಕೊಂಡು ಗೋದಾಮು ತುಂಬಿಸಬೇಕು. ಅಷ್ಟು ದುಡ್ಡು ಕಡಿಮೆ ಬಡ್ಡಿಗೆ ಕೊಡುವ ಬ್ಯಾಂಕ್ ಅಲ್ಲಿ ಸಿಗುವುದು ಕಷ್ಟ. ನಮ್ಮ ಫ್ಯಾಕ್ಟರಿಗಳಿಗೆ ಈ ಇಕ್ಕಟ್ಟು ಕಡಿಮೆ. ವರ್ಷದ ಕೊನೆಗೆ ತಾಂಜಾನಿಯಾ, ಮೊಜಾಂಬಿಕ್ ಮಾಲು, ಬೇಸಿಗೆಯಲ್ಲಿ ನಮ್ಮದೇ ಬೀಜ, ಜೊತೆಗೆ ಪಶ್ಚಿಮ ಆಫ್ರಿಕಾದ್ದು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ.

ಎರಡನೆಯದು ಕರೆಂಟು. ಬಿಸಾವ್ ನಗರಕ್ಕೆ ಕೆಲ ವರ್ಷ ಕರೆಂಟು ಬರುತ್ತಿದ್ದದ್ದು ಬಂದರಿನ ಬಳಿ ಲಂಗರು ಹಾಕಿದ್ದ ಟರ್ಕಿ ಕಂಪನಿಯ ಹಡಗಿನಿಂದ! 2023ರ ಅಕ್ಟೋಬರ್‌ನಲ್ಲಿ ಬಿಲ್ ಬಾಕಿ ಅಂತ ಹಡಗಿನವರು ಸ್ವಿಚ್ ಆಫ್ ಮಾಡಿದರು. ರಾಜಧಾನಿಯೇ ಕತ್ತಲಾಯಿತು. ಇಂಥ ಕಡೆ ಬಾಯ್ಲರ್, ಡ್ರೈಯರ್ ನಂಬಿಕೊಂಡು ಯಾರು ಹಣ ಹಾಕುತ್ತಾರೆ, ಹೇಳಿ?

ಮೂರನೆಯದು ಜಾಸ್ತಿ ಜನ ಗಮನಿಸದ ಸಂಗತಿ. ಬೀಜ ಒಡೆದಾಗ ಎಲ್ಲವೂ ಇಡಿಯಾಗಿ ಬರುವುದಿಲ್ಲ. ತುಂಡು, ಹೋಳು, ನುಚ್ಚು ಬರುತ್ತದೆ. ಭಾರತದಲ್ಲಿ ಅದಕ್ಕೂ ಗಿರಾಕಿ ಇದ್ದಾರೆ: ಬೇಕರಿಯವರು, ಸ್ವೀಟ್ ಅಂಗಡಿಯವರು, ಮದುವೆ ಅಡುಗೆಯವರು. ಸಿಪ್ಪೆಯಿಂದ ತೆಗೆದ ಎಣ್ಣೆಗೂ ಮಾರುಕಟ್ಟೆ ಇದೆ. ಬಿಸಾವ್‌ನಲ್ಲಿ ತುಂಡು ಗೋಡಂಬಿಯನ್ನು ಯಾರಿಗೆ ಮಾರುವುದು? ನನ್ನ ಲೆಕ್ಕದಲ್ಲಿ ಅಲ್ಲಿನ ಫ್ಯಾಕ್ಟರಿಗಳು ಸೋಲುವುದು ಇಲ್ಲೇ, ಕೂಲಿಯಲ್ಲಲ್ಲ.

ಇದರ ಮೇಲೆ, ಹಸಿ ಬೀಜದ ರಫ್ತು ತೆರಿಗೆಯಿಂದ ಸರ್ಕಾರಕ್ಕೆ ಸುಲಭದ ವರಮಾನ. ದೇಶದ ರಫ್ತಿನಲ್ಲಿ ನೂರಕ್ಕೆ ಸುಮಾರು 90 ಪಾಲು ಗೇರುಬೀಜವೇ. ಹೆಚ್ಚುಕಡಿಮೆ ಎಲ್ಲವೂ ಒಡೆಯದೆ ಭಾರತಕ್ಕೆ, ವಿಯೆಟ್ನಾಂಗೆ ಹೋಗುತ್ತದೆ. ಪ್ರತಿ ವರ್ಷ ಸರ್ಕಾರ ರೈತನಿಗೆ ಕನಿಷ್ಠ ಬೆಲೆ ಘೋಷಿಸುತ್ತದೆ. 2018ರಲ್ಲಿ ಕಿಲೋಗೆ 1,000 ಸಿಎಫ್ಎ ಫ್ರಾಂಕ್ (ಅಲ್ಲಿನ ನಾಣ್ಯ) ಅಂತ ಘೋಷಿಸಿದರು. ಕೇಳುವುದಕ್ಕೆ ಚೆಂದ. ವ್ಯಾಪಾರಿಗಳು ಕೈಕಟ್ಟಿ ಕೂತರು, ವ್ಯಾಪಾರ ನಿಂತೇಹೋಯಿತು, ಕೊನೆಗೆ ಬೆಲೆ ಇಳಿಸಬೇಕಾಯಿತು. ಕೊಳ್ಳುವವರು ಎರಡೇ ದೇಶದವರಾದರೆ ಬೆಲೆ ಯಾರ ಕೈಯಲ್ಲಿರುತ್ತದೆ ಅನ್ನುವುದು ಆ ವರ್ಷ ಎಲ್ಲರಿಗೂ ಗೊತ್ತಾಯಿತು.

ಪ್ರಶ್ನೆ: ಭಾರತ ಅಕ್ಕಿ ರಫ್ತು ನಿಲ್ಲಿಸಿದಾಗ ಪಶ್ಚಿಮ ಆಫ್ರಿಕಾದವರಿಗೆ ಪೆಟ್ಟು ಬಿತ್ತು ಅಂತ ಓದಿದೆ. ಅವರು ಭತ್ತ ಬೆಳೆಯುವುದಿಲ್ಲವೇ? (ಕುಮಟಾದ ಓದುಗರು)

ಕುಮಟಾದವರು ಕೇಳಿದ್ದು ಒಳ್ಳೆಯದಾಯಿತು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಅಘನಾಶಿನಿ ಅಳಿವೆಯ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುತ್ತಾರಲ್ಲ, ಹೆಚ್ಚುಕಡಿಮೆ ಅದೇ ವಿದ್ಯೆ ಅಲ್ಲಿಯೂ ಇದೆ. ಬಲಾಂಟಾ ಜನ ಕಾಂಡ್ಲ ಕಾಡು ಕಡಿದು, ಕೆಸರಿನ ದಂಡೆ ಎಬ್ಬಿಸಿ ಉಪ್ಪುನೀರನ್ನು ಹೊರಗಿಡುತ್ತಾರೆ. ದಂಡೆಯ ಅಡಿಯಲ್ಲಿ ಟೊಳ್ಳು ಮಾಡಿದ ಮರದ ದಿಮ್ಮಿಯೇ ತೂಬು. ಮಳೆ ಬಂದು ಮಣ್ಣಿನ ಉಪ್ಪು ತೊಳೆದುಹೋಗುವವರೆಗೆ ಕಾಯುತ್ತಾರೆ, ಆಮೇಲೆ ನಾಟಿ. ನೇಗಿಲು ಇಲ್ಲ. ಆಳುದ್ದದ ಹಿಡಿಯಿರುವ ಮರದ ಸಲಿಕೆ, ತುದಿಗೆ ಕಬ್ಬಿಣದ ಪಟ್ಟಿ. ಅದರಲ್ಲೇ ಜಿಗುಟು ಮಣ್ಣನ್ನು ಎತ್ತಿ ಮಗುಚುತ್ತಾರೆ. ಸೊಂಟ ಗಟ್ಟಿ ಇರುವ ಹುಡುಗರ ಗುಂಪೇ ಬೇಕು.

ಆ ಹುಡುಗರೇ ಈಗ ಊರಲ್ಲಿ ಉಳಿಯುತ್ತಿಲ್ಲ. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಎಷ್ಟೋ ದಂಡೆಗಳು ಹಾಳಾದವು. ಒಂದು ಸಲ ಉಪ್ಪು ಒಳಗೆ ಬಂದರೆ ಗದ್ದೆ ಸರಿಹೋಗಲು ವರ್ಷಗಳು ಬೇಕು. ಗೇರುಮರಕ್ಕಾದರೆ ಇಷ್ಟೆಲ್ಲ ಕಷ್ಟ ಇಲ್ಲ. ನೆಟ್ಟರೆ ನೆಲ ನಿಮ್ಮದು ಅನ್ನುವ ಗುರುತೂ ಆಯಿತು, ವರ್ಷಕ್ಕೊಮ್ಮೆ ಬೀಜವೂ ಸಿಕ್ಕಿತು. 1980ರ ದಶಕದಿಂದ ಮರ ಹಬ್ಬಿತು, ಗದ್ದೆ ಹಿಂದೆ ಸರಿಯಿತು.

ಹಾಗಾಗಿ ಅಕ್ಕಿ ಹೊರಗಿನಿಂದ ಬರಬೇಕು. ಹಳ್ಳಿಯ ಅಂಗಡಿಯವನು, ಎಷ್ಟೋ ಕಡೆ ಮಾರಿಟೇನಿಯಾದಿಂದ ಬಂದವನು, ನುಚ್ಚಕ್ಕಿಯ ಮೂಟೆ ಪಕ್ಕದಲ್ಲಿಟ್ಟುಕೊಂಡು ತಕ್ಕಡಿ ಹಿಡಿದು ಕೂರುತ್ತಾನೆ. ದುಡ್ಡಿನ ಮಾತೇ ಇಲ್ಲ. ಒಳ್ಳೆ ವರ್ಷ ಒಂದು ಕಿಲೋ ಬೀಜಕ್ಕೆ ಒಂದು ಕಿಲೋ ಅಕ್ಕಿ. ಕೆಟ್ಟ ವರ್ಷ ಅದೇ ಅಕ್ಕಿಗೆ ಎರಡು ಕಿಲೋ, ಮೂರು ಕಿಲೋ ಬೀಜ ಸುರಿಯಬೇಕು. ಆ ದೇಶದ ಆರ್ಥಿಕ ಸ್ಥಿತಿ ತಿಳಿಯಲು ನಾನು ಮೊದಲು ಕೇಳುವುದು ಜಿಡಿಪಿ ಅಲ್ಲ, ಈ ವರ್ಷ ಒಂದು ಕಿಲೋ ಅಕ್ಕಿಗೆ ಎಷ್ಟು ಬೀಜ ಅಂತ.

ಭಾರತ 2022ರ ಸೆಪ್ಟೆಂಬರ್‌ನಲ್ಲಿ ನುಚ್ಚಕ್ಕಿ ರಫ್ತು ನಿಲ್ಲಿಸಿತು. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯನ್ನೂ ನಿಲ್ಲಿಸಿತು. ನಮ್ಮಲ್ಲಿ ಅದು ಬೆಲೆ ಹತೋಟಿಯ ಕ್ರಮ. ಅವರಿಗೆ ಬೀಜದ ರೇಟನ್ನೂ ಅಕ್ಕಿಯ ರೇಟನ್ನೂ ಏಳಿಸಿ ಇಳಿಸುವುದು ಒಂದೇ ದೇಶ. ಎರಡೂ ಕಡೆಯಿಂದ ಹಿಡಿತ ನಮ್ಮದೇ, ಅಲ್ವಾ? ಈಗ ಎರಡೂ ನಿಷೇಧ ತೆರವಾಗಿವೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಅಲ್ಲಿ ಅಷ್ಟೊಂದು ಸೇನಾ ಕ್ರಾಂತಿ ಯಾಕೆ? (ಧಾರವಾಡದ ಓದುಗರು)

ಪೋರ್ಚುಗೀಸರ ವಿರುದ್ಧ ಸ್ವಾತಂತ್ರ್ಯ ಹೋರಾಟ ಮುನ್ನಡೆಸಿದ ಅಮಿಲ್ಕಾರ್ ಕಬ್ರಾಲ್‌ನಿಂದ ಶುರು ಮಾಡಿ. 1924ರಲ್ಲಿ ಬಫಾಟಾದಲ್ಲಿ ಹುಟ್ಟಿದವನು, ಓದಿದ್ದು ಕೃಷಿ ವಿಜ್ಞಾನ. 1953ರಲ್ಲಿ ಪೋರ್ಚುಗೀಸ್ ಸರ್ಕಾರದ ಕೃಷಿ ಗಣತಿಗಾಗಿ ಊರೂರು ಸುತ್ತಿದ. ನೆಲ, ಬೆಳೆ, ಜನ ಎಲ್ಲವೂ ಗೊತ್ತಾಯಿತು. ಶೇಂಗಾ ಒಂದನ್ನೇ ನಂಬಿದ ಬೇಸಾಯ ಮಣ್ಣು ಕೆಡಿಸುತ್ತದೆ ಅಂತ ಆಗಲೇ ಎಚ್ಚರಿಸಿದ್ದ. 1956ರಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡಲು ಪಿಎಐಜಿಸಿ ಪಕ್ಷ ಕಟ್ಟಿದ. 1959ರ ಆಗಸ್ಟ್ 3ರಂದು ಬಿಸಾವ್ ಬಂದರಿನಲ್ಲಿ ಮುಷ್ಕರ ಹೂಡಿದ ಕೂಲಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿಂದ ಶಾಂತಿಯ ದಾರಿ ಮುಚ್ಚಿತು. 1963ರಲ್ಲಿ ಯುದ್ಧ. 1973ರ ಜನವರಿ 20ರಂದು ಕೊನಾಕ್ರಿಯಲ್ಲಿ ಕಬ್ರಾಲ್‌ನನ್ನು ಕೊಂದರು. ಅದೇ ವರ್ಷ ಸೆಪ್ಟೆಂಬರ್ 24ರಂದು ಸ್ವಾತಂತ್ರ್ಯ ಘೋಷಣೆ. 1974ರ ಏಪ್ರಿಲ್‌ನಲ್ಲಿ ಲಿಸ್ಬನ್‌ನ ಸರ್ವಾಧಿಕಾರ ಬಿದ್ದ ಮೇಲೆ, ಸೆಪ್ಟೆಂಬರ್ 10ರಂದು ಪೋರ್ಚುಗಲ್ ಅದನ್ನು ಒಪ್ಪಿತು. ಗೋವಾ ಭಾರತದ್ದೆಂದು ಪೋರ್ಚುಗಲ್ ಒಪ್ಪಿದ್ದೂ ಅದೇ ವರ್ಷದ ಕೊನೆಗೆ. ಒಂದೇ ಬಾಗಿಲು ತೆರೆದದ್ದರ ಫಲ ಎರಡೂ.

ದೇಶ ಕಟ್ಟಿದ್ದು ಬಂದೂಕು ಹಿಡಿದವರು. ಆಮೇಲೂ ಅವರು ಬ್ಯಾರಕ್‌ಗೆ ಹಿಂತಿರುಗಲಿಲ್ಲ. 1980ರಲ್ಲಿ, ಅದೇ ಯುದ್ಧದ ಸೇನಾನಿ ನೀನೋ ವಿಯೇರಾ ಅಧಿಕಾರ ಕಿತ್ತುಕೊಂಡ. 1998-99ರಲ್ಲಿ ಅಂತರ್ಯುದ್ಧ. 2003ರಲ್ಲಿ ಇನ್ನೊಂದು ಕ್ರಾಂತಿ. 2009ರಲ್ಲಿ, ಮತ್ತೆ ಅಧ್ಯಕ್ಷನಾಗಿದ್ದ ವಿಯೇರಾನ ಕೊಲೆ. 2012ರಲ್ಲಿ ಮತ್ತೆ ಸೇನೆ. ಅಧ್ಯಕ್ಷನಿಗೂ ಪ್ರಧಾನಿಗೂ ಅಧಿಕಾರ ಹಂಚಿರುವ ಸಂವಿಧಾನ, ಇಬ್ಬರಿಗೂ ಸದಾ ಜಗಳ, ನಡುವೆ ಸಂಬಳ ಸಿಗದ ಸೈನಿಕರು. 2000ದ ದಶಕದಲ್ಲಿ ದಕ್ಷಿಣ ಅಮೆರಿಕದ ಕೊಕೇನ್ ಯುರೋಪಿಗೆ ಹೋಗುವ ದಾರಿಯಲ್ಲಿ ಇಲ್ಲಿನ ದ್ವೀಪಗಳಲ್ಲಿ ಇಳಿಯತೊಡಗಿತು. ಆ ಹಣದ ಮುಂದೆ ಗೇರುಬೀಜದ ತೆರಿಗೆ ಯಾವ ಲೆಕ್ಕ? ತೀರಾ ಈಚಿನದು: 2025ರ ನವೆಂಬರ್ 23ರಂದು ಚುನಾವಣೆ ನಡೆಯಿತು, ಫಲಿತಾಂಶಕ್ಕೆ ಒಂದು ದಿನ ಮೊದಲು, 26ರಂದು, ಸೇನೆ ಅಧಿಕಾರ ಹಿಡಿಯಿತು.

ಪ್ರಶ್ನೆ: ಉಪ್ಪುನೀರಿನಲ್ಲಿ ನೀರಾನೆ ಇರುವ ದ್ವೀಪ ಅಲ್ಲಿದೆಯಂತೆ, ನಿಜವೇ? (ಮೈಸೂರಿನ ಓದುಗರು)

ನಿಜ. ಬಿಜಾಗೊಸ್ ದ್ವೀಪಗಳು, ಒಟ್ಟು 88. ಜನ ಕಾಯಂ ವಾಸಿಸುವುದು ಕೆಲವೇ ಕೆಲವದರಲ್ಲಿ. ಒರಾಂಗೋ ದ್ವೀಪದ ನೀರಾನೆಗಳು ಸಿಹಿನೀರಿನ ಮಡುವಿನಿಂದ ಸಮುದ್ರಕ್ಕೂ ಇಳಿಯುತ್ತವೆ. ಪೊಯಿಲಾವ್ ದ್ವೀಪದ ಮರಳಿನಲ್ಲಿ ಹಸಿರು ಆಮೆಗಳು ಸಾವಿರಾರು ಸಂಖ್ಯೆಯಲ್ಲಿ ಮೊಟ್ಟೆ ಇಡುತ್ತವೆ. 2025ರಲ್ಲಿ ಯುನೆಸ್ಕೊ ಈ ಬಿಜಾಗೊಸ್ ದ್ವೀಪಸಮೂಹವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಪ್ರಶ್ನೆ: ಕುಂದಾಪುರದ ಕಡೆ ನನ್ನದೊಂದು ಸಣ್ಣ ಯೂನಿಟ್ ಇದೆ. ದಲ್ಲಾಳಿ ಬೇಡ ಅಂತ ನಾನೇ ಹೋಗಿ ಮಾಲು ತರಲಾ?

ಈಗಿನ ಪರಿಸ್ಥಿತಿಯಲ್ಲಿ ಒಬ್ಬರೇ ಹೋಗಬೇಡಿ. ಮೊದಲ ವರ್ಷ ಮೂರ್ನಾಲ್ಕು ಯೂನಿಟ್‌ನವರು ಸೇರಿ ಒಬ್ಬ ಅನುಭವಿಯನ್ನು ಕಳಿಸಿ. ಪೋರ್ಚುಗೀಸ್ ಅಥವಾ ಕ್ರಿಯೋಲ್ ಬರುವ ಜನ ಜೊತೆಗಿರಲಿ. ಸರ್ಕಾರ ಸೀಸನ್ ಶುರು ಅಂತ ಘೋಷಿಸುವ ಮೊದಲು ಯಾರಿಗೂ ಮುಂಗಡ ಕೊಡಬೇಡಿ. ಔಟ್‌ಟರ್ನ್ ಎಷ್ಟು, ಕಡಿಮೆ ಬಂದರೆ ಎಷ್ಟು ಕಡಿತ ಅನ್ನುವುದು ಒಪ್ಪಂದದಲ್ಲೇ ಇರಲಿ. ಲೋಡ್ ಮಾಡುವಾಗಲೂ ಮಂಗಳೂರಿನಲ್ಲಿ ಇಳಿಸುವಾಗಲೂ ಬೀಜ ಸೀಳಿ ನೋಡಿ.

ಎಲ್ಲಕ್ಕಿಂತ ದೊಡ್ಡ ಶತ್ರು ತೇವ. ಬಿಸಾವ್ ಬಂದರು ಆಳ ಇಲ್ಲ, ಕೆಲಸ ನಿಧಾನ. ಜೂನ್‌ನಲ್ಲಿ ಮಳೆ ಹಿಡಿದರೆ ಗೋದಾಮಿನಲ್ಲೇ ಬೀಜ ಬೆವರುತ್ತದೆ, ಆಮೇಲೆ ವಾರಗಟ್ಟಲೆ ಸಮುದ್ರದ ಪ್ರಯಾಣ. ಕಂಟೇನರ್ ಗೋಡೆಗೆ ಕ್ರಾಫ್ಟ್ ಪೇಪರ್ ಹೊದಿಸಿದ್ದಾರಾ, ತೇವ ಹೀರುವ ಚೀಲ ಕಟ್ಟಿದ್ದಾರಾ ಅಂತ ಬಾಗಿಲು ಮುಚ್ಚುವ ಮೊದಲೇ ಫೋಟೋ ತರಿಸಿಕೊಳ್ಳಿ. ಮೇ ದಾಟಿದ ಮಾಲಿಗೆ ರೇಟು ಕಡಿಮೆ ಹೇಳಿದರೂ ಎರಡು ಸಲ ಯೋಚಿಸಿ.