‘ರೂಪಿಸಿತು’ ಅನ್ನೋ ಪದ ತೆಗೆದು ನೋಡಿ

ನಮಸ್ಕಾರ.

ನೀವು ಕಳಿಸಿದ ಲೇಖನ ಓದಿದೆ. ಇಂಗ್ಲೆಂಡಿನ ನಾರಿಚ್ ಊರಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ, ಅಲ್ಲಿನ ಸೃಜನಶೀಲ ಬರವಣಿಗೆಯ ಎಂ.ಎ. ಕೋರ್ಸು, ಅದರಲ್ಲಿ ಓದಿದ ಹದಿನಾಲ್ಕು ಲೇಖಕರ ಪರಿಚಯ. ಇಸವಿಗಳು ಸರಿಯಾಗಿವೆ. ಅಕ್ಷರ ತಪ್ಪಿಲ್ಲ. ಹೇಳಿದ ದಿನಕ್ಕೆ ಕಳಿಸಿದ್ದೀರಿ, ಸಂತೋಷ. ಆದರೆ ಎರಡು ವಿಷಯಕ್ಕೆ ನನಗೆ ಸಿಟ್ಟು ಬಂತು. ಬೇರೆಯದನ್ನೆಲ್ಲ ಬಿಟ್ಟು ಅವೆರಡನ್ನೇ ಹೇಳ್ತೀನಿ.

ಮೊದಲನೆಯದು ‘ರೂಪಿಸಿತು’. ಎಣಿಸಿದೆ, ಒಂಬತ್ತು ಸಲ ಇದೆ. ಎರಡನೇ ಪ್ಯಾರಾದಲ್ಲಿ ಹೀಗೆ ಬರೆದಿದ್ದೀರಿ: ‘ಇಯಾನ್ ಮೆಕ್‌ಯುವನ್ ಈ ಕೋರ್ಸಿನಿಂದ ರೂಪಿಸಲ್ಪಟ್ಟ ಮೊದಲ ಪ್ರತಿಭೆ.’ ‘ರೂಪಿಸಲ್ಪಟ್ಟ’ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಮಾತಾಡ್ತಾರಾ? ಭಾಷೆಯ ಮಾತು ಹಾಗಿರಲಿ, ಈ ವಾಕ್ಯ ನಿಜವೂ ಅಲ್ಲ. ಕಾದಂಬರಿಕಾರರಾದ ಮಾಲ್ಕಂ ಬ್ರಾಡ್ಬರಿ ಮತ್ತು ಆಂಗಸ್ ವಿಲ್ಸನ್ 1970ರಲ್ಲಿ ಈ ಕೋರ್ಸು ಶುರು ಮಾಡಿದಾಗ ಇದ್ದ ವಿದ್ಯಾರ್ಥಿ ಒಬ್ಬರೇ, ಮೆಕ್‌ಯುವನ್. ಒಬ್ಬನೇ ಹುಡುಗ ಇರುವ ಕಡೆ ತರಗತಿ ಅಂತ ಏನಿರುತ್ತೆ? ಅವರು ಕಥೆ ಬರೆದು ತಂದುಕೊಟ್ಟರು, ಹಿರಿಯರು ಓದಿದರು. 1975ರಲ್ಲಿ ಮೊದಲ ಕಥಾಸಂಕಲನ ಬಂತು. ಬರೆದವರು ಅವರು. ನಿಮ್ಮ ವಾಕ್ಯದಲ್ಲಿ ಮಾತ್ರ ಅವರು ಏನೂ ಮಾಡದೆ ಸುಮ್ನೆ ಕೂತಿದ್ದಾರೆ, ಕಟ್ಟಡವೇ ಎಲ್ಲ ಕೆಲಸ ಮಾಡ್ತಿದೆ.

ಇನ್ನು ಕಜುವೊ ಇಶಿಗುರೊ. ನಿಮ್ಮ ಸಾಲುಗಳು: ‘1979ರಲ್ಲಿ ಪ್ರವೇಶ ಪಡೆದರು. 1989ರಲ್ಲಿ ಬೂಕರ್, 2017ರಲ್ಲಿ ನೊಬೆಲ್ ಮುಡಿಗೇರಿಸಿಕೊಂಡರು.’ ಮೊದಲ ವಾಕ್ಯಕ್ಕೂ ಎರಡನೆಯದಕ್ಕೂ ನಡುವೆ ಹತ್ತು ವರ್ಷ ಇದೆ. ಓದುಗರಿಗೆ ಬೇಕಾಗಿರೋದು ಅದೇ ಹತ್ತು ವರ್ಷ. ಅದರ ಶುರುವನ್ನು ಅವರು ನೊಬೆಲ್ ಭಾಷಣದಲ್ಲಿ ತಾವಾಗೇ ಹೇಳಿಕೊಂಡಿದ್ದಾರೆ. ಬಕ್ಸ್‌ಟನ್ ಅನ್ನೋ ಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ. ಚಾವಣಿ ಇಳಿಜಾರು. ಇರೋದು ಒಂದೇ ಕಿಟಕಿ, ತುದಿಗಾಲಲ್ಲಿ ನಿಂತರೆ ಉತ್ತ ಹೊಲಗಳು ಕಾಣುತ್ತವೆ. ಟೈಪ್‌ರೈಟರು, ದೀಪ ಇಟ್ಟರೆ ಮೇಜು ಭರ್ತಿ. ಮೂರನೆಯದೋ ನಾಲ್ಕನೆಯದೋ ವಾರ, ಒಂದು ರಾತ್ರಿ, ತಾನು ಹುಟ್ಟಿದ ನಾಗಸಾಕಿಯ ಬಗ್ಗೆ, ಮಹಾಯುದ್ಧದ ಕೊನೆಯ ದಿನಗಳ ಬಗ್ಗೆ ಬರೆಯೋಕೆ ತೊಡಗಿದರು. ಐದು ವರ್ಷದ ಮಗುವಾಗಿದ್ದಾಗ ಬಿಟ್ಟುಬಂದ ಊರು ಅದು. ಅದನ್ನು ಯಾರಿಗಾದರೂ ತೋರಿಸೋಕೆ ತುಂಬಾ ಹಿಂಜರಿದರು. ಕೊನೆಗೆ ತೋರಿಸಿದಾಗ ಜೊತೆಯವರು, ಪಾಠ ಹೇಳುತ್ತಿದ್ದ ಬ್ರಾಡ್ಬರಿ, ಆಂಜೆಲಾ ಕಾರ್ಟರ್ ಎಲ್ಲರೂ ಮುಂದುವರಿಸು ಅಂದರು. ಆ ಶಾಲೆ ಮಾಡಿದ್ದು ಇದು. ಹೆದರಿದ್ದ ಒಬ್ಬ ಹುಡುಗನಿಗೆ ‘ಇದನ್ನೇ ಬರಿ’ ಅಂತ ಹೇಳಿದ್ದು ನನ್ನ ಕಣ್ಣಿಗೆ ಬೂಕರ್‌ಗಿಂತ ದೊಡ್ಡದಾಗಿ ಕಾಣುತ್ತೆ. ‘ರೂಪಿಸಿತು’ ಅಂತ ಬರೆದು ನೀವು ಅದನ್ನು ಮುಚ್ಚಿಹಾಕಿದ್ದೀರಿ.

ನನಗೂ ಇದನ್ನು ಒಬ್ಬರು ಕಲಿಸಿದರು. ಆಗಿನ್ನೂ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ವಾರಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಯಕ್ಷಗಾನದ ಬಡಗುತಿಟ್ಟಿನ ಹಿರಿಯ ವೇಷಧಾರಿಯೊಬ್ಬರ ಬಗ್ಗೆ ಲೇಖನ ಬರೆದೆ. ಯಾವ ಮೇಳ, ಯಾವ ಸನ್ಮಾನ, ಯಾವ ಪ್ರಶಸ್ತಿ, ಒಂದೂ ಬಿಟ್ಟಿರಲಿಲ್ಲ. ನಮ್ಮ ಹಿರಿಯ ಉಪಸಂಪಾದಕರು ಪೂರ್ತಿ ಓದಿ, ‘ಅವರ ಕಾಲು ನೋಡಿದೆಯಾ?’ ಅಂತ ಕೇಳಿದರು. ಇಲ್ಲ ಅಂದೆ. ಬಸ್ ಚಾರ್ಜಿಗೆ ದುಡ್ಡು ಕೊಟ್ಟು ವಾಪಸ್ ಕಳಿಸಿದರು.

ಬೆಳಗಿನ ಜಾವ ಆಟ ಮುಗಿದ ಮೇಲೆ ಚೌಕಿಯಲ್ಲಿ ಕೂತೆ. ಅವರು ಗೆಜ್ಜೆ ಬಿಚ್ಚಿದರು. ಕಣಕಾಲಿನ ಸುತ್ತ ಚರ್ಮ ಕಪ್ಪಾಗಿ, ಬಳೆ ತೊಡಿಸಿದ ಹಾಗೆ ದಪ್ಪಗಟ್ಟಿತ್ತು. ಅವರು ಕೊಬ್ಬರಿ ಎಣ್ಣೆ ತಿಕ್ಕುತ್ತಾ ಮಾತಾಡಿದರು, ನಾನು ಬರೆದುಕೊಂಡೆ. ಮೊದಲ ಲೇಖನದಿಂದ ಒಂದು ಸಾಲೂ ಉಳಿಯಲಿಲ್ಲ.

ನಿಮ್ಮ ಲೇಖನಕ್ಕೆ ಬರೋಣ. ನನ್ನ ಎರಡನೇ ಸಿಟ್ಟು ನೀವು ಬಿಟ್ಟಿರುವುದರ ಬಗ್ಗೆ. ಬ್ರಾಡ್ಬರಿಯವರ ಹೆಸರು ನಾಲ್ಕು ಸಲ ಬರುತ್ತೆ. ಆದರೆ ಕನ್ನಡದ ಓದುಗರಿಗೆ ಅವರು ಯಾರು ಅಂತ ಒಂದು ಸಾಲೂ ಇಲ್ಲ. ನಾರಿಚ್‌ಗೆ ಹೋಗುವ ಮುಂಚೆ ಬ್ರಾಡ್ಬರಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಾಠ ಮಾಡುತ್ತಿದ್ದರು. ಅಲ್ಲಿ ಪಿಎಚ್‌ಡಿ ಮಾಡೋಕೆ ಹೋಗಿದ್ದವರು ಯು.ಆರ್. ಅನಂತಮೂರ್ತಿ. ಇಬ್ಬರೂ ಕೂಡಿ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ರ ‘ದಿ ಸೆವೆಂತ್ ಸೀಲ್’ ನೋಡಿದರು, ಮಧ್ಯಯುಗದಲ್ಲಿ ನಡೆಯುವ ಸಿನಿಮಾ ಅದು. ಯುರೋಪಿನವರು ಮಧ್ಯಯುಗವನ್ನು ಓದಿ ತಿಳೀಬೇಕು, ನಮ್ಮಲ್ಲಿ ಅದು ಇನ್ನೂ ಬದುಕಿದೆ ಅನ್ನೋ ಮಾತು ಅಲ್ಲಿ ಹುಟ್ಟಿತು. ಅದನ್ನೇ ಬರೆಯಿರಿ ಅಂತ ಬ್ರಾಡ್ಬರಿ ಹುರಿದುಂಬಿಸಿದ್ದನ್ನು ಅನಂತಮೂರ್ತಿಯವರೇ ನೆನೆದಿದ್ದಾರೆ. ‘ಸಂಸ್ಕಾರ’ 1965ರಲ್ಲಿ ಬಂತು. ಕೋರ್ಸು ಇನ್ನೂ ಹುಟ್ಟಿರಲಿಲ್ಲ. ಐದು ವರ್ಷದ ನಂತರ ನಾರಿಚ್‌ನಲ್ಲಿ ಮೆಕ್‌ಯುವನ್ ಕಥೆಗಳನ್ನು ಓದಿದ್ದು ಇದೇ ಮನುಷ್ಯ. ಇಷ್ಟು ಹತ್ತಿರದ ಕಥೆಯನ್ನು ಬಿಟ್ಟು ಪ್ರಶಸ್ತಿಗಳ ಪಟ್ಟಿ ಕೊಟ್ಟರೆ ನನಗೆ ಹೊಟ್ಟೆ ಉರಿಯೋದಿಲ್ವಾ?

ಆನ್ ಎನ್‌ರೈಟ್, ಟ್ರೇಸಿ ಶೆವಲಿಯರ್ ಒಂದೊಂದು ಸಾಲಲ್ಲಿ ಬಂದು ಹೋಗ್ತಾರೆ. ಅವರನ್ನು ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ. ಮೆಕ್‌ಯುವನ್, ಇಶಿಗುರೊ, ಬ್ರಾಡ್ಬರಿ, ಈ ಮೂವರು ಸಾಕು. ‘ರೂಪಿಸಿತು’ ಇರುವ ಒಂಬತ್ತು ಕಡೆಯೂ ಯಾರು ಏನು ಮಾಡಿದರು ಅಂತ ಬರೆಯಿರಿ. ನೊಬೆಲ್ ಭಾಷಣವನ್ನು ಪೂರ್ತಿ ಓದಿ. ಇಶಿಗುರೊ ಆ ಕಥೆಯನ್ನು ತೋರಿಸೋಕೆ ಹಿಂಜರಿದದ್ದು ಯಾಕೆ ಅನ್ನೋದಕ್ಕೆ ಒಂದು ಇಡೀ ಪ್ಯಾರಾ ಬೇಕು ನನಗೆ. ಹದಿನೈದು ದಿನ ಸಾಕಾ?