ಪೊಸಡಿಗುಂಪೆಯಲ್ಲಿ ಹ್ಯಾಮ್ ರೇಡಿಯೋ: ಸೆಟ್ಟಿಗಿಂತ ಮೊದಲು ತಂತಿಯ ಯೋಚನೆ ಮಾಡಿ

ಹ್ಯಾಮ್ ರೇಡಿಯೋದ, ಅಂದರೆ ಪರವಾನಗಿ ಪಡೆದು ಹವ್ಯಾಸಕ್ಕಾಗಿ ನಡೆಸುವ ರೇಡಿಯೋ ಸಂಪರ್ಕದ, ಆರಂಭದ ರಿಸ್ಟ್ರಿಕ್ಟೆಡ್ ದರ್ಜೆಯ ಪರೀಕ್ಷೆ ಪಾಸಾಗಿ ವಿಯು3 ಎಂದು ಮೊದಲಾಗುವ ಕರೆಸಂಕೇತ ಕೈಸೇರಿದೆ, ಮನೆ ಪೆರ್ಲದ ಹತ್ತಿರ, ಅಕ್ಟೋಬರ್ ತಿಂಗಳಲ್ಲಿ ಗೆಳೆಯರೊಂದಿಗೆ ಕಾಸರಗೋಡು ಜಿಲ್ಲೆಯ ಗುಡ್ಡಗಳಾದ ಪೊಸಡಿಗುಂಪೆಗೋ ರಾಣಿಪುರಕ್ಕೋ ಸೆಟ್ ಕೊಂಡೊಯ್ದು ಮಾತನಾಡುವ ಆಸೆಯಿದೆ ಎಂದು ಬರೆದಿದ್ದೀರಿ. ಯಾವ ಉಪಕರಣ ಕೊಳ್ಳಬೇಕು, ಉಳಿದ ಹ್ಯಾಮ್‌ಗಳ ಒಡನಾಟ ಹೇಗೆ ಸಿಗುತ್ತದೆ, ಅಪಾಯವೇನಾದರೂ ಇದೆಯೇ ಎಂಬುದು ತಮ್ಮ ಪ್ರಶ್ನೆ. ಅಪಾಯದ ಮಾತನ್ನು ತಾವು ಕೊನೆಗೆ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕುಂಬಳೆ ಸೀಮೆಯಲ್ಲೇ ಇದ್ದುಕೊಂಡು ಈ ಹವ್ಯಾಸ ನಡೆಸುತ್ತ ಬಂದವನಾದ ನಾನು ಉತ್ತರದ ಹೆಚ್ಚಿನ ಪಾಲನ್ನು ಅದಕ್ಕೇ ಕೊಡುತ್ತೇನೆ. ಏಕೆಂದರೆ ಸೆಟ್ಟಿನ ಆಯ್ಕೆ ತಪ್ಪಿದರೆ ಹೋಗುವುದು ಹಣ ಮಾತ್ರ.

ಮೊದಲು ಉಪಕರಣ. ಪೊಸಡಿಗುಂಪೆ ಸಮುದ್ರಮಟ್ಟದಿಂದ ಸುಮಾರು ಸಾವಿರ ಅಡಿ ಎತ್ತರದಲ್ಲಿದೆ. ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಜ್‌ವರೆಗಿನ) ತರಂಗಗಳು ಬಹುಮಟ್ಟಿಗೆ ನೇರವಾಗಿ ಹೋಗುವುದರಿಂದ ಅಲ್ಲಿ ಎತ್ತರವೇ ಬಂಡವಾಳ. ಮೀಟರಿನಲ್ಲಿ ಎತ್ತರವೆಷ್ಟೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 300 ಮೀಟರ್ ಎತ್ತರಕ್ಕೆ ಇದು 71 ಕಿಲೋಮೀಟರ್ ಆಗುತ್ತದೆ. ಆದ್ದರಿಂದ ಆ ಗುಡ್ಡದ ನೆತ್ತಿಯಿಂದ 5 ವ್ಯಾಟಿನ ಕೈಯಲ್ಲಿ ಹಿಡಿಯುವ ಒಂದು ಸಾಮಾನ್ಯ ಸೆಟ್ಟಿನಲ್ಲಿ, ಅಂದರೆ ಹ್ಯಾಂಡಿಯಲ್ಲಿ, 144ರಿಂದ 146 ಮೆಗಾಹರ್ಟ್ಜ್‌ವರೆಗಿನ 2 ಮೀಟರ್ ಬ್ಯಾಂಡಿನಲ್ಲಿ, ಮಂಗಳೂರಿನವರೊಡನೆ ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ರಿಪೀಟರಿನ ನೆರವಿಲ್ಲದೆಯೇ ಮಾತನಾಡಬಹುದು. ಹ್ಯಾಂಡಿಯೊಂದಿಗೆ ಬರುವ ಗಿಡ್ಡ ರಬ್ಬರ್ ಆಂಟೆನಾವನ್ನು ತೆಗೆದು, ಅರ್ಧ ಮೀಟರಿಗೆ ತುಸು ಕಡಿಮೆ ಉದ್ದದ ಕಾಲು ತರಂಗದ ಕಡ್ಡಿಯನ್ನು ಹಾಕಿದರೆ ಸಾಕು, ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಅಗ್ಗದ ಹ್ಯಾಂಡಿಗಳಿಗೆ ಒಂದು ದೌರ್ಬಲ್ಯವುಂಟು: ಎತ್ತರದ ಜಾಗದಲ್ಲಿ ದೂರದ ಪ್ರಬಲ ಪ್ರಸಾರಗಳೆಲ್ಲ ಒಳನುಗ್ಗಿ ಅವುಗಳ ಕಿವಿಯನ್ನು ಮಂದ ಮಾಡಿಬಿಡುತ್ತವೆ. ಆದರೂ ಮೊದಲ ವರ್ಷಕ್ಕೆ ಅದೇ ಸಾಕೆಂಬುದು ನನ್ನ ಅಭಿಪ್ರಾಯ.

ಇನ್ನೂ ದೂರ ಮುಟ್ಟುವ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಜ್) ಬೇಕೇ ಬೇಕೆಂದಾದರೆ 40 ಮೀಟರ್ ಬ್ಯಾಂಡಿನಿಂದ ಆರಂಭಿಸಿ. 7.1 ಮೆಗಾಹರ್ಟ್ಜ್‌ಗೆ ಡೈಪೋಲ್, ಅಂದರೆ ನಡುವಿನಿಂದ ಕೇಬಲ್ ಇಳಿಸುವ ಎರಡು ತೋಳಿನ ತಂತಿಯ ಆಂಟೆನಾ, ಒಟ್ಟು 20 ಮೀಟರ್ ಉದ್ದವಿರುತ್ತದೆ. ಅದನ್ನು ನೆಲದಿಂದ ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದರೂ ಹಗಲು ಹೊತ್ತು ಸಂಕೇತ ನೆತ್ತಿಯ ಕಡೆಗೇ ಏರಿ, ಅಯಾನುಮಂಡಲದಿಂದ ಮರಳಿ, ಸುತ್ತಲಿನ ಕೆಲವು ನೂರು ಕಿಲೋಮೀಟರಿನೊಳಗೆ ಇಳಿಯುತ್ತದೆ. ಬೆಂಗಳೂರು, ಹುಬ್ಬಳ್ಳಿ, ಕೊಚ್ಚಿ ಎಲ್ಲವೂ ಈ ಅಳತೆಯೊಳಗೆ ಬರುತ್ತವೆ. ಸೆಟ್ಟಿನ ವಿಷಯದಲ್ಲಿ, ಹೈದರಾಬಾದಿನ ಅಶರ್ ಫರ್ಹಾನ್ ರೂಪಿಸಿದ ಬಿಟೆಕ್ಸ್ ಸರಣಿಯ ಕಿಟ್‌ಗಳನ್ನು ಜಗತ್ತಿನಾದ್ಯಂತ ಹವ್ಯಾಸಿಗಳು ಜೋಡಿಸಿಕೊಂಡು ಬಳಸಿದ್ದಾರೆ. ಬೆಸುಗೆ ಹಾಕಲು ಕೈ ಪಳಗಿದ್ದರೆ ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸಿದ್ಧ ಸೆಟ್ ಬೇಕೆಂದರೆ ಶೀಗು ಜಿ90 20 ವ್ಯಾಟ್ ಕೊಡುತ್ತದೆ, ಈಗ ತಯಾರಿಕೆ ನಿಂತಿರುವ ಯಾಯೆಸು ಎಫ್‌ಟಿ-818 ಬಳಸಿದ್ದು ಸಿಕ್ಕರೆ ಅದು 6 ವ್ಯಾಟ್ ಕೊಡುತ್ತದೆ. ತಮ್ಮ ದರ್ಜೆಗೆ ಶಕ್ತಿಯ ಮಿತಿ ಹೇಗಿದ್ದರೂ ಕಡಿಮೆ, ಆದ್ದರಿಂದ ನೂರು ವ್ಯಾಟಿನ ಸೆಟ್ಟಿಗೆ ಆಸೆಪಡಬೇಡಿ. ಗುಡ್ಡ ಹತ್ತುವವನ ಬೆನ್ನಿಗೂ ಅದು ಹಿತವಲ್ಲ.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದಾಗಿರಲಿ. 3.2 ವೋಲ್ಟಿನ ನಾಲ್ಕು ಕೋಶ ಸೇರಿ 12.8 ವೋಲ್ಟ್ ಆಗುತ್ತದೆ, ಸೀಸದ ಬ್ಯಾಟರಿಗಿಂತ ಬಹಳ ಹಗುರ, ಬೇರೆ ಲಿಥಿಯಂ ಬ್ಯಾಟರಿಗಳಿಗಿಂತ ಬಿಸಿಲಿಗೆ ಹೆಚ್ಚು ಸಹಿಷ್ಣು. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ, ಗೇಣುದ್ದದೊಳಗೆ, ಸೆಟ್ಟಿಗೆ ಹೊಂದುವ ಫ್ಯೂಸ್ ಇರಬೇಕು. ಸೆಟ್ಟಿನ ಬದಿಯಲ್ಲಿ ಮಾತ್ರ ಫ್ಯೂಸ್ ಇಟ್ಟರೆ, ಚೀಲದೊಳಗೆ ನಡುವಿನ ವಯರ್ ಉಜ್ಜಿ ಹರಿದು ಶಾರ್ಟ್ ಆದಾಗ ಆ ಫ್ಯೂಸಿನಿಂದ ಪ್ರಯೋಜನವಾಗುವುದಿಲ್ಲ.

ಈಗ ತಂತಿಯ ವಿಷಯ. ನಮ್ಮ ಕಡೆಯವರಿಗೆ ಆಂಟೆನಾದ ಕಂಬ ಎಂದೊಡನೆ ನೆನಪಾಗುವುದು ಅಂಗಳದ ಮೂಲೆಯಲ್ಲಿ ಒರಗಿಸಿಟ್ಟ ಅಡಿಕೆಯ ದೋಟಿ. ಒಂದರೊಳಗೊಂದು ಸೇರುವ, ಎಳೆದರೆ ಅಡಿಕೆ ಮರದ ಗೊನೆಗೆ ಮುಟ್ಟುವ, ಒಬ್ಬನೇ ಎತ್ತಬಹುದಾದ ಈ ದೋಟಿ ಕಂಬಕ್ಕೆಂದೇ ಮಾಡಿದಂತೆ ಕಾಣುವುದು ಸಹಜ. ಆದರೆ ಅಲ್ಯೂಮಿನಿಯಂ ದೋಟಿ ವಿದ್ಯುತ್ ವಾಹಕ ಎಂಬುದು ಎಲ್ಲರಿಗೂ ಗೊತ್ತಿರುವಷ್ಟು, ಕಪ್ಪು ಬಣ್ಣದ ಕಾರ್ಬನ್ ಫೈಬರ್ ದೋಟಿಯೂ ವಾಹಕವೇ ಎಂಬುದು ಗೊತ್ತಿಲ್ಲ. 'ಫೈಬರ್' ಎಂಬ ಹೆಸರು ಕೇಳಿ ಪ್ಲಾಸ್ಟಿಕ್ಕಿನಂತೆ ನಿರಪಾಯಕಾರಿಯೆಂದು ಭಾವಿಸುವವರೇ ಹೆಚ್ಚು. ಅದರ ಒಳಗಿರುವುದು ಇಂಗಾಲದ ಎಳೆ. 11 ಕಿಲೋವೋಲ್ಟಿನ ಲೈನಿಗೆ ಅದು ತಾಗಿದರೆ ಹಿಡಿದವನ ಗತಿ ಅಲ್ಯೂಮಿನಿಯಂ ಹಿಡಿದವನದ್ದೇ. ಆಂಟೆನಾದ ದೃಷ್ಟಿಯಿಂದಲೂ ಅದು ಕೆಟ್ಟದ್ದು, ಏಕೆಂದರೆ ಕಂಬದ ಉದ್ದಕ್ಕೂ ತಂತಿ ಕಟ್ಟಿದರೆ ಸೆಟ್ಟಿಗೂ ಆಂಟೆನಾಕ್ಕೂ ಇರಬೇಕಾದ ಹೊಂದಾಣಿಕೆ ಕೆಡುತ್ತದೆ. ಗ್ಲಾಸ್ ಫೈಬರಿನ ಮಡಿಸುವ ಕಂಬ ಅಥವಾ ಚೆನ್ನಾಗಿ ಒಣಗಿದ ಬಿದಿರು ಸರಿಯಾದ ಆಯ್ಕೆ. ಬಿದಿರು ಹಸಿಯಾದರೆ, ಹಗ್ಗ ಒದ್ದೆಯಾದರೆ, ಅವುಗಳನ್ನೂ ನಂಬುವಂತಿಲ್ಲ.

ತೋಟದ ಮೇಲೆ ಹಾದುಹೋಗುವ ಲೈನಿನ ತಂತಿಗಳಿಗೆ ಸಾಮಾನ್ಯವಾಗಿ ಯಾವ ಹೊದಿಕೆಯೂ ಇರುವುದಿಲ್ಲ. ಮನೆಯ ಬಳಿ ಅಭ್ಯಾಸ ಮಾಡುವಾಗ, ಕಂಬ ಬುಡ ಕಳಚಿ ಯಾವ ದಿಕ್ಕಿಗೆ ಬಿದ್ದರೂ ಲೈನನ್ನು ತಲುಪದಷ್ಟು ದೂರವಿರಬೇಕೆಂಬುದು ಕನಿಷ್ಠ ನಿಯಮ. ಕಂಬದ ಮತ್ತು ತಂತಿಯ ಒಟ್ಟು ಉದ್ದದ ಎರಡರಷ್ಟು ದೂರ ಬಿಡುವುದು ನನ್ನ ಪದ್ಧತಿ. ಗಾಳದ ಸೀಸದ ಗುಂಡಿಗೆ ನೂಲು ಕಟ್ಟಿ ಮರದ ಕೊಂಬೆಯಾಚೆ ಎಸೆಯುವ ವಿಧಾನ ನಮ್ಮಲ್ಲಿ ಎಲ್ಲರಿಗೂ ಪ್ರಿಯ. ಆದರೆ ಗುಂಡು ಕೊಂಬೆಯಲ್ಲಿ ನಿಲ್ಲದೆ ಎಷ್ಟು ದೂರ ಹಾರಬಹುದೆಂದು ಎಸೆಯುವ ಮೊದಲೇ ಆ ದಿಕ್ಕಿಗೆ ನಡೆದು ನೋಡಿರಬೇಕು. ಒಂದು ವೇಳೆ ತಂತಿ ಲೈನಿನ ಮೇಲೆ ಬಿದ್ದೇಬಿಟ್ಟರೆ ಅದನ್ನು ಎಳೆಯಲು ಹೋಗಬೇಡಿ, ಇತರರನ್ನೂ ಹತ್ತಿರ ಬಿಡಬೇಡಿ, ದೂರ ನಿಂತು ವಿದ್ಯುತ್ ಮಂಡಳಿಯ 1912ಕ್ಕೆ ಕರೆಮಾಡಿ. ಇಪ್ಪತ್ತು ಮೀಟರ್ ತಂತಿಯ ಬೆಲೆ ಎಷ್ಟಾದೀತು!

ಅಕ್ಟೋಬರ್ ತಿಂಗಳನ್ನು ತಾವು ಆರಿಸಿಕೊಂಡದ್ದಕ್ಕೆ ನನ್ನ ಒಪ್ಪಿಗೆಯಿಲ್ಲ. ಮುಂಗಾರು ಹಿಂದೆ ಸರಿದ ಮೇಲೆ ಬರುವ ತುಲಾ ತಿಂಗಳ ಮಳೆಯ ಸ್ವಭಾವ ತಮಗೆ ತಿಳಿದೇ ಇದೆ: ಬೆಳಗ್ಗೆ ತಿಳಿಯಾದ ಆಕಾಶ, ಮಧ್ಯಾಹ್ನ ಕಳೆಯುತ್ತಲೇ ಮೂಡಣ ಗಟ್ಟದ ಕಡೆಯಿಂದ ಕಪ್ಪು ಮೋಡ, ಸಂಜೆಗೆ ಸಿಡಿಲು. ಏಪ್ರಿಲಿನಿಂದ ಮೇ ತಿಂಗಳ ಕೊನೆಯ ಭಾಗದ ಪತ್ತನಾಜೆಯವರೆಗಿನ ಕಾಲವೂ ಹಾಗೆಯೇ. ಪೊಸಡಿಗುಂಪೆಯ ನೆತ್ತಿ ಬೋಳು ಹುಲ್ಲುಗಾವಲು. ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ತಮ್ಮ ಕಂಬ, ಅದರ ನಂತರದ್ದು ತಾವು. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಇದಕ್ಕೆ ಉತ್ತಮ. ಯಾವ ತಿಂಗಳಾದರೂ ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ ಇಳಿಯುವ ರೂಢಿ ಇಟ್ಟುಕೊಳ್ಳಿ.

ಮಿಂಚು ಕಂಡ ಮೇಲೆ ಗುಡುಗು ಕೇಳಲು ಮೂವತ್ತು ಸೆಕೆಂಡಿಗಿಂತ ಕಡಿಮೆ ಹಿಡಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ; ಆಗ ಗುಡ್ಡದ ಮೇಲೆ ಇರಕೂಡದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೂ ಮರಳಿ ಹತ್ತಕೂಡದು. ವಾಸ್ತವದಲ್ಲಿ ಇಳಿಯಲು ಗುಡುಗು ಕೇಳುವವರೆಗೆ ಕಾಯುವ ಅಗತ್ಯವೂ ಹ್ಯಾಮ್‌ಗಳಿಗಿಲ್ಲ: 40 ಮೀಟರ್ ಬ್ಯಾಂಡಿನಲ್ಲಿ ಚಟಚಟ ಸದ್ದು ನಿಮಿಷದಿಂದ ನಿಮಿಷಕ್ಕೆ ಏರುತ್ತಿದ್ದರೆ ಮೋಡ ಕಣ್ಣಿಗೆ ಕಾಣುವ ಮೊದಲೇ ಸೆಟ್ಟು ಎಚ್ಚರಿಸಿದಂತೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಕೂಡ ಫೋನಿನಲ್ಲಿರಲಿ, ಆದರೆ ಗುಡ್ಡದ ಮೇಲೆ ನೆಟ್‌ವರ್ಕ್ ಸಿಕ್ಕೇ ಸಿಗುತ್ತದೆಂದು ನೆಚ್ಚಬೇಡಿ. ಸಿಡಿಲು ತೀರ ಸಮೀಪಕ್ಕೆ ಬಂದಿದ್ದರೆ ಆಂಟೆನಾ ಬಿಚ್ಚಲು ಹೋಗದೆ, ಸೆಟ್ಟನ್ನೂ ಅಲ್ಲೇ ಬಿಟ್ಟು ಇಳಿಯಿರಿ. ಒಂಟಿ ಮರದ ಅಡಿ ಆಶ್ರಯವಲ್ಲ, ತಗಡಿನ ಮಾಡು ಹೊದಿಸಿದ ತೆರೆದ ಚಪ್ಪರವೂ ಅಲ್ಲ. ಗಾಜು ಏರಿಸಿದ ಕಾರು ಆಶ್ರಯವಾಗುತ್ತದೆ.

ನೆಲದ ವಿಷಯದಲ್ಲಿ ನಮ್ಮ ಊರಿನದೇ ಆದ ಕೆಲವು ಎಚ್ಚರಿಕೆಗಳಿವೆ. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳ ಅಂಚು ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತದೆ. ಬಾಯಾರು ಕಡೆಯ ಇಳಿಜಾರುಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳಿವೆ, ಉದ್ದನೆಯ ಸುರಂಗಗಳಿಗೆ ಗಾಳಿಗೆಂದು ಮೇಲಿನಿಂದ ತೋಡಿದ ಗುಂಡಿಗಳೂ ಇರುವುದುಂಟು. ತಂತಿಯ ತುದಿ ಹಿಡಿದು ಹಿಂದೆ ಹಿಂದೆ ನಡೆಯುವವನ ಕಣ್ಣು ಕಂಬದ ಮೇಲಿರುವುದರಿಂದ ಇವು ಕಾಣುವುದೇ ಇಲ್ಲ. ಆದ್ದರಿಂದ ತಂತಿ ಬಿಚ್ಚುವ ಮೊದಲು ಆ ದಾರಿಯನ್ನು ಕೋಲು ಹಿಡಿದು ಒಮ್ಮೆ ನಡೆದುಬನ್ನಿ, ಹಾವಿಗೂ ಅದೇ ಸೂಚನೆಯಾಗುತ್ತದೆ. ಕರಿಗಲ್ಲಿನ ಕೋರೆಗಳ ಹತ್ತಿರ ಪ್ರಸಾರ ಮಾಡಲೇಬಾರದು. ಬಂಡೆ ಸಿಡಿಸಲು ಬಳಸುವ ವಿದ್ಯುತ್ ಡಿಟೊನೇಟರಿನ ವಯರುಗಳು ಆಂಟೆನಾದಂತೆ ವರ್ತಿಸಿ, ಸಮೀಪದ ಪ್ರಸಾರದ ಶಕ್ತಿಯಿಂದಲೇ ಸಿಡಿಯುವ ಸಾಧ್ಯತೆಯಿದೆ. ಪ್ರಸಾರದ ವೇಳೆ ಡೈಪೋಲಿನ ತುದಿಗಳಲ್ಲಿ ವೋಲ್ಟೇಜು ಹೆಚ್ಚಿರುತ್ತದೆ, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಸೂರ್ಯಾಸ್ತ ನೋಡಲು ಬರುವ ಮಕ್ಕಳ ಕೈಗೆ, ಮೇಯುವ ದನಗಳ ಕೊರಳಿಗೆ ಸಿಗದಂತೆ ತುದಿಗಳನ್ನು ಎತ್ತರಿಸಿ, ಬಿಗಿದ ಹಗ್ಗಗಳಿಗೆ ಬಣ್ಣದ ಬಟ್ಟೆಯ ಚೂರು ಕಟ್ಟಿ.

ಪರವಾನಗಿಯ ಪ್ರತಿ, ಗುರುತಿನ ಚೀಟಿ ಜೊತೆಯಲ್ಲಿರಲಿ. ರೇಡಿಯೋ ಕೇಂದ್ರವನ್ನು, ಅಂದರೆ ಸೆಟ್ಟು ಆಂಟೆನಾಗಳನ್ನು, ನೋಂದಾಯಿತ ವಿಳಾಸದಿಂದ ಹೊರಗೆ ಒಯ್ಯುವ ಬಗ್ಗೆ ಪರವಾನಗಿಯ ಷರತ್ತುಗಳನ್ನು ಓದಿ, ಬೇಕಾದ ಅನುಮತಿಯನ್ನು ಮೊದಲೇ ಪಡೆಯಿರಿ. ಪರವಾನಗಿಯಿಲ್ಲದ ಗೆಳೆಯರು ಸಂಪರ್ಕಗಳ ಲಾಗ್ ಬರೆಯಲಿ, ಹಗ್ಗ ಹಿಡಿಯಲಿ, ಮೈಕಿನ ಗುಂಡಿ ಒತ್ತುವುದು ಬೇಡ. ಎರಡು ರಾಜ್ಯಗಳ ಗಡಿಯಲ್ಲಿ ತಂತಿ ಎಳೆದು ಕುಳಿತವರನ್ನು ಕಂಡರೆ ಯಾರಿಗಾದರೂ ಸಂಶಯ ಬಂದೀತು. ಹಿಂದಿನ ದಿನವೇ ಜಾಗದ ಹೊಣೆಯುಳ್ಳವರಿಗೂ ಪೊಲೀಸ್ ಠಾಣೆಗೂ ತಿಳಿಸಿದರೆ ಆ ತೊಡಕಿರುವುದಿಲ್ಲ.

ಒಡನಾಟದ ಪ್ರಶ್ನೆಗೆ ಬರುತ್ತೇನೆ. ಗಡಿ ಯಾವುದೇ ಇರಲಿ, ನಮಗೆ ಹತ್ತಿರದ ಹ್ಯಾಮ್ ಬಳಗ ಮಂಗಳೂರಿನದು, ತೆಂಕಣಕ್ಕೆ ಕಣ್ಣೂರಿನ ಕಡೆಯವರು. ಗೊತ್ತಾದ ಹೊತ್ತಿಗೆ ಹ್ಯಾಮ್‌ಗಳು ಒಂದೇ ಆವರ್ತನದಲ್ಲಿ ಸೇರುವ ಬೆಳಗಿನ ನೆಟ್‌ಗಳಲ್ಲಿ ಕೆಲವು ದಿನ ಸುಮ್ಮನೆ ಕೇಳಿ, ಆಮೇಲೆ ಅದನ್ನು ನಡೆಸುವ ನೆಟ್ ಕಂಟ್ರೋಲ್ ಕರೆದಾಗ ಕರೆಸಂಕೇತ, ಹೆಸರು, ಊರು ಹೇಳಿ. ಹೊಸಬರ ಸ್ವರ ಕೇಳಿದರೆ ಹಳಬರಿಗೆ ಆಗುವ ಸಂತೋಷ ತಮಗೇ ತಿಳಿಯುತ್ತದೆ. ಬಳಸಿದ ಸೆಟ್, ಮಿಕ್ಕ ಕೇಬಲ್ ಇವೆಲ್ಲ ಕೈಗೆ ಬರುವುದು ಹೆಚ್ಚಾಗಿ ಅಲ್ಲಿಂದಲೇ. ಅಡಗಿಸಿಟ್ಟ ಪ್ರೇಷಕವನ್ನು ದಿಕ್ಕು ಹಿಡಿದು ಹುಡುಕುವ ಫಾಕ್ಸ್ ಹಂಟ್, ಅಕ್ಟೋಬರಿನಲ್ಲಿ ಸ್ಕೌಟ್ ಮಕ್ಕಳಿಗಾಗಿ ನಡೆಯುವ ಜಾಂಬೂರಿ ಆನ್ ದಿ ಏರ್, ಇಂಥವುಗಳಲ್ಲಿ ಕೈಜೋಡಿಸಿ. ಹೊರಗೆ ಕೇಂದ್ರ ಹೂಡುವ ಅಭ್ಯಾಸ ಬರೀ ಆಟವೂ ಅಲ್ಲ. 2004ರ ಡಿಸೆಂಬರಿನಲ್ಲಿ ಹ್ಯಾಮ್ ಆಗಿದ್ದ ಭಾರತಿ ಪ್ರಸಾದ್ ಮತ್ತು ತಂಡದವರು ಹವ್ಯಾಸಕ್ಕೆಂದೇ ಪೋರ್ಟ್ ಬ್ಲೇರಿನಲ್ಲಿ ಹೂಡಿದ್ದ ಕೇಂದ್ರ, ಸುನಾಮಿ ಅಪ್ಪಳಿಸಿದ ಮೇಲೆ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸುವ ಕೊಂಡಿಯಾಯಿತು.

ರಾಣಿಪುರವನ್ನು ಮೊದಲ ಯಾತ್ರೆಗೆ ಇಟ್ಟುಕೊಳ್ಳಬೇಡಿ. ಅದು ಅರಣ್ಯ ಇಲಾಖೆಯ ಹಿಡಿತದಲ್ಲಿರುವ ಜಾಗ, ಆನೆಗಳ ಸಂಚಾರವಿದೆ, ತೇವವಿರುವ ತಿಂಗಳುಗಳಲ್ಲಿ ಉಂಬುಳದ (ಜಿಗಣೆಯ) ಕಾಟ ಬೇರೆ. ಅಲ್ಲಿಗೆ ಇಲಾಖೆಯ ಒಪ್ಪಿಗೆ ಪಡೆದು, ತಂತಿ ಕಂಬಗಳಿಲ್ಲದೆ ಹ್ಯಾಂಡಿ ಮಾತ್ರ ಒಯ್ಯುವುದು ಮೇಲು. ಪೊಸಡಿಗುಂಪೆಗೆ ಹೋಗುವ ದಿನ ನಿಶ್ಚಯವಾದಾಗ ಹಿಂದಿನ ವಾರದ ನೆಟ್‌ನಲ್ಲಿ ದಿನಾಂಕ, ಹೊತ್ತು, ಆವರ್ತನ ಮೂರನ್ನೂ ಹೇಳಿಬಿಡಿ; ಗಂಟೆಗೊಮ್ಮೆ ಕರೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂಬುದನ್ನು ಕೇಳುತ್ತಿರುವವರಲ್ಲಿ ಒಬ್ಬರಿಗಾದರೂ ತಿಳಿಸಿರಿ.