ಬಾಡಿಗೆ ಮನೆಗೆ ಮೊದಲು ಬೆಳಕು ಬದಲಿಸಿ

ಪ್ರಶ್ನೆ: ಮೇಡಂ, ಮೂರು ತಿಂಗಳ ಹಿಂದೆ ಬಾಡಿಗೆ ಫ್ಲಾಟಿಗೆ ಬಂದೆವು. ಮುಂಗಡ ಕೊಟ್ಟು ಕೈ ಖಾಲಿಯಾಗಿದೆ. ಗೋಡೆಗೆ ಮೊಳೆ ಹೊಡೆಯಬಾರದು, ಬಣ್ಣ ಮುಟ್ಟಬಾರದು ಎಂದು ಮಾಲೀಕರು ಹೇಳಿದ್ದಾರೆ. ಹಾಲ್‌ನಲ್ಲಿ ಒಂದು ಸೋಫಾ, ಒಂದು ಟ್ಯೂಬ್‌ಲೈಟು, ಅಷ್ಟೇ. ಸಂಜೆ ಮನೆಗೆ ಬಂದು ಕೂತರೆ ಯಾವುದೋ ಕಚೇರಿಯಲ್ಲಿ ಸರದಿಗೆ ಕಾಯುತ್ತಿರುವ ಹಾಗನ್ನಿಸುತ್ತದೆ. ಒಂದು ಗೋಡೆಗೆ ವಾಲ್‌ಪೇಪರ್ ಅಂಟಿಸಬೇಕೆಂದಿದ್ದೇನೆ. ಸರಿಯೇ?

ಉತ್ತರ: ವಾಲ್‌ಪೇಪರ್ ಈಗಲೇ ಬೇಡ. ಕಚೇರಿಯ ಹಾಗನ್ನಿಸುವುದು ಸಂಜೆ ಎಂದು ನೀವೇ ಬರೆದಿದ್ದೀರಿ. ಹಗಲಿನ ಬಗ್ಗೆ ದೂರಿಲ್ಲ. ಹಾಗಾದರೆ ತೊಂದರೆ ಇರುವುದು ಗೋಡೆಯಲ್ಲಲ್ಲ, ದೀಪದಲ್ಲಿ.

ಸಾಮಾನ್ಯವಾಗಿ ಬಿಳಿ ಟ್ಯೂಬ್‌ಲೈಟಿನ ಬೆಳಕು 6500 ಕೆಲ್ವಿನ್ ಆಸುಪಾಸಿನದು. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ. ಇದು ನೀಲಿ ಬೆರೆತ ಬಿಳುಪು. ಅದು ತಲೆಯ ಮೇಲಿಂದ ಇಡೀ ಕೋಣೆಗೆ ಒಂದೇ ಸಮ ಬೀಳುವುದರಿಂದ ಎಲ್ಲೂ ನೆರಳಿರುವುದಿಲ್ಲ, ಯಾವ ಮೂಲೆಯೂ ಕರೆಯುವುದಿಲ್ಲ. ಬಲ್ಬಿನ ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುವ ಎಲ್‌ಇಡಿ ತನ್ನಿ, ಹಳದಿ ಬೆಳಕಿನದು. ಪ್ಲಗ್ಗಿಗೆ ಸಿಕ್ಕಿಸುವ ಎರಡು ದೀಪ ಸಾಕು, ವೈರಿಂಗ್ ಮುಟ್ಟಬೇಕಿಲ್ಲ. ಒಂದನ್ನು ಸೋಫಾದ ಪಕ್ಕ ಇಡಿ. ಕೂತಾಗ ಬಲ್ಬು ಕಣ್ಣಿಗೆ ಕುಕ್ಕದಷ್ಟು ಕೆಳಗೆ ಶೇಡ್‌ನ ಅಂಚು ಬರಬೇಕು. ಇನ್ನೊಂದನ್ನು ದೂರದ ಮೂಲೆಯಲ್ಲಿ ನೆಲದ ಮೇಲೆ, ಗಿಡದ ಕುಂಡದ ಹಿಂದೆ, ಬೆಳಕು ಗೋಡೆಗೆ ಬೀಳುವ ಹಾಗೆ. ಸಂಜೆ ಟ್ಯೂಬ್‌ಲೈಟು ಆರಿಸಿ. ಅದು ಕಸ ಗುಡಿಸುವಾಗ, ಬಿದ್ದ ಸೂಜಿ ಹುಡುಕುವಾಗ ಇರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಎರಡನೇ ಬಾಡಿಗೆ ಮನೆಯಲ್ಲಿ ಕೂಡಿಟ್ಟಿದ್ದನ್ನೆಲ್ಲ ಹಾಕಿ ಒಂದು ಗೋಡೆಗೆ ಅಂಟುಕಾಗದ ಹಚ್ಚಿದ್ದೆ. ಎರಡು ವರ್ಷ ಚೆಂದವಿತ್ತು. ಬಿಡುವ ದಿನ ಕಿತ್ತರೆ ಬಣ್ಣವೂ ಪದರ ಪದರವಾಗಿ ಎದ್ದುಬಂತು, ಮುಂಗಡದಲ್ಲಿ ಕಡಿತವಾಯಿತು. ಅದೇ ಮನೆಯಲ್ಲಿದ್ದಾಗ ಕೊಂಡ ಬಟ್ಟೆಯ ಶೇಡ್‌ನ ದೀಪ ಇವತ್ತು ನನ್ನ ಐದನೇ ಮನೆಯಲ್ಲಿ ಉರಿಯುತ್ತಿದೆ. ಈ ಪತ್ರಗಳನ್ನು ಓದಿದ್ದೂ ಅದರ ಬೆಳಕಿನಲ್ಲೇ. ಅಂದಿನಿಂದ ಏನೇ ಕೊಳ್ಳುವಾಗಲೂ ಕೇಳಿಕೊಳ್ಳುತ್ತೇನೆ: ಮನೆ ಬಿಡುವಾಗ ಇದು ನನ್ನ ಜೊತೆ ಬರುತ್ತದೆಯೇ?

ದೀಪದ ನಂತರ ಪರದೆ. ಕಿಟಕಿಯ ಅರ್ಧಕ್ಕೆ ನಿಲ್ಲುವ ಪರದೆ ಇಡೀ ಕೋಣೆಯನ್ನು ಕುಳ್ಳಗೆ ಕಾಣಿಸುತ್ತದೆ. ಈಗಿರುವ ರಾಡಿಗೇ ನೆಲ ಮುಟ್ಟುವ ಉದ್ದದ ಪರದೆ ಹಾಕಿ. ಬಟ್ಟೆಯ ಅಗಲ ರಾಡಿನ ಉದ್ದದ ಒಂದೂವರೆಯಿಂದ ಎರಡು ಪಟ್ಟು ಇದ್ದರೆ ನೆರಿಗೆ ತುಂಬಿ ಬರುತ್ತದೆ. ಬಟ್ಟೆ ಅಗ್ಗದ್ದೆಂದು ಯಾರಿಗೂ ತಿಳಿಯುವುದಿಲ್ಲ. ಒಂದೇ ಬಣ್ಣದ ಹತ್ತಿ ಬೆಡ್‌ಶೀಟಿನ ಮೇಲಂಚು ಮಡಚಿ ಹೊಲಿದರೂ ನಡೆಯುತ್ತದೆ. ರಾಡೇ ಇಲ್ಲವೆಂದರೆ, ಕಿಟಕಿಯ ಚೌಕದೊಳಗೆ ಎರಡೂ ಕಡೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡಿಗೆ ಮೊಳೆ ಬೇಕಿಲ್ಲ.

ಉಳಿದದ್ದಕ್ಕೆ ಅವಸರ ಬೇಡ. ಆ ಮನೆಯಲ್ಲಿ ಇನ್ನೂ ಎರಡು ತಿಂಗಳು ಬಾಳಿ ನೋಡಿ. ಏನು ಬೇಕು ಅನ್ನುವುದು ಆಗ ತಾನಾಗಿ ತಿಳಿಯುತ್ತದೆ.

ಪ್ರಶ್ನೆ: ಮೊಳೆಯ ಬದಲು ಅಂಟುಪಟ್ಟಿಯಿಂದ ಚಿತ್ರ ತೂಗುಹಾಕಿದ್ದೆ. ರಾತ್ರಿ ಬಿದ್ದು ಗಾಜು ಒಡೆಯಿತು. ಇನ್ನೊಂದು ಪಟ್ಟಿ ಕೀಳುವಾಗ ಬಣ್ಣ ಬಂತು.

ಉತ್ತರ: ಒರೆಸದ ಗೋಡೆಯಲ್ಲಿ ಅಂಟು ಹಿಡಿದದ್ದು ಗೋಡೆಯನ್ನಲ್ಲ, ಧೂಳನ್ನು. ಗಾಯ ಒರೆಸುವ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಗೋಡೆ ಒರೆಸಿ, ಒಣಗಲು ಬಿಡಿ. ಪಟ್ಟಿ ಒತ್ತಿ ಹಿಡಿದು, ಒಂದು ಗಂಟೆ ಕಳೆದ ಮೇಲೆ ಚಿತ್ರ ತೂಗುಹಾಕಿ. ಎಷ್ಟು ಭಾರ ತಾಳುತ್ತದೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಮೀರಬೇಡಿ. ಎಳೆದು ತೆಗೆಯುವ ಬಾಲವಿರುವ ಪಟ್ಟಿಯನ್ನು ನಿಮ್ಮ ಕಡೆಗೆ ಎಳೆಯಬಾರದು. ಗೋಡೆಗೆ ತಾಗಿಸಿಕೊಂಡು ನೇರ ಕೆಳಕ್ಕೆ, ನಿಧಾನವಾಗಿ ಎಳೆಯಿರಿ. ರಬ್ಬರಿನ ಹಾಗೆ ಉದ್ದವಾಗಿ ಬಿಟ್ಟುಕೊಳ್ಳುತ್ತದೆ. ಹೊಸದಾಗಿ ಬಣ್ಣ ಬಳಿದ ಗೋಡೆಗೂ ಉದುರುವ ಸುಣ್ಣದ ಗೋಡೆಗೂ ಯಾವ ಅಂಟೂ ಬೇಡ. ಅಲ್ಲಿ ಚಿತ್ರವನ್ನು ಕಪಾಟಿನ ಮೇಲೆ ಒರಗಿಸಿಡಿ.

ಎತ್ತರದ ಮಾತೂ ಹೇಳಿಬಿಡುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಇರಲಿ. ಮೊದಲು ಚಿತ್ರದಷ್ಟೇ ಅಳತೆಗೆ ಹಳೆಯ ಪೇಪರು ಕತ್ತರಿಸಿ ಗೋಡೆಗೆ ಹಿಡಿದು, ದೂರ ನಿಂತು ನೋಡಿ.

ಪ್ರಶ್ನೆ: ಹಾಲ್‌ಗೆ ಕಾರ್ಪೆಟ್ ತಂದೆ. ಕೋಣೆ ಇನ್ನೂ ಚಿಕ್ಕದಾಗಿ ಕಾಣುತ್ತಿದೆ.

ಉತ್ತರ: ಕಾರ್ಪೆಟ್ ಚಿಕ್ಕದಾಯಿತು. ಸೋಫಾದ ಮುಂಗಾಲುಗಳಾದರೂ ಅದರ ಮೇಲೆ ಬರಬೇಕು. ಇದನ್ನು ಬಿಟ್ಟು ದೊಡ್ಡದು ಕೊಳ್ಳಬೇಕಿಲ್ಲ, ಅದೇ ಅಳತೆಯ ಇನ್ನೊಂದನ್ನು ತಂದು, ಉದ್ದದ ಅಂಚು ಕೂಡಿಸಿ ಹಿಂಬದಿಯಿಂದ ದಪ್ಪ ದಾರದಲ್ಲಿ ಹೊಲಿಯಿರಿ. ಹೊಲಿಗೆಯ ಗೆರೆ ಟೀಪಾಯಿಯ ಕೆಳಗೆ ಬರುವ ಹಾಗೆ ಹಾಸಿ.